ಮೇಷ್ಟ್ರು ಓದದೆ ಬಿಟ್ಟ ಪುಟ

ಹೊಳೆನರಸೀಪುರದ ರುದ್ರಯ್ಯ ಮೇಷ್ಟ್ರ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಂತಾದಾಗ, ತಮ್ಮ ಇಂಗ್ಲಿಷ್ ಪುಸ್ತಕಗಳನ್ನೆಲ್ಲ ಒಂದು ಟ್ರಂಕಿಗೆ ತುಂಬಿಸಿ ಮಗಳು ಪ್ರೇಮಕುಮಾರಿಗೆ ಕೊಟ್ಟುಬಿಟ್ಟರು. ಅದು ನಲವತ್ತೈದನೆಯ ಇಸವಿ. ಪ್ರೇಮ ಹಾಸನದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಟ್ರಂಕು ತೆರೆದವಳು ಮೊದಲು ಹುಡುಕಿದ್ದು ನೀಲಿ ರಟ್ಟಿನ ಒಂದು ಪುಸ್ತಕವನ್ನು. ಗ್ರೀಕರ ಹಳೆಯ ಮಹಾಕಾವ್ಯ. ಯುದ್ಧ ಮುಗಿಸಿದ ರಾಜನೊಬ್ಬ ಸಮುದ್ರದ ಮೇಲೆ ವರ್ಷಗಟ್ಟಲೆ ಅಲೆದು, ಭಿಕ್ಷುಕನ ವೇಷದಲ್ಲಿ ತನ್ನ ಮನೆಗೇ ಬಂದು, ಹೆಂಡತಿಯನ್ನು ಕಾಡುತ್ತಿದ್ದ ಪುಂಡರನ್ನು ಕೊಲ್ಲುವ ಕಥೆ.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಬೇಸಗೆ ರಜೆಯಲ್ಲಿ ಅಪ್ಪ ಇದನ್ನು ದಿನಕ್ಕಿಷ್ಟಿಷ್ಟು ಕನ್ನಡದಲ್ಲಿ ಹೇಳಿದ್ದರು. ಕೇಳುವವರು ಇಬ್ಬರೇ: ಪ್ರೇಮ, ಮತ್ತು ಮನೆಗೆಲಸದ ಲಕ್ಕಮ್ಮ. ಕಾಲೇಜಿನಿಂದ ರಜೆಗೆ ಬಂದಿದ್ದ ಅಣ್ಣ ಕಥೆಗೆ ಕೂರುತ್ತಿರಲಿಲ್ಲ. ಲಕ್ಕಮ್ಮನಿಗೆ ಆಗ ಹದಿನೇಳಿರಬಹುದು. ತಾಯಿಯಿಲ್ಲದ ಪ್ರೇಮಳ ತಲೆ ಬಾಚಿ, ಊಟಕ್ಕಿಟ್ಟು, ಜ್ವರ ಬಂದರೆ ಪಕ್ಕದಲ್ಲಿ ಕೂರುತ್ತಿದ್ದವಳು ಅವಳೇ. ಮುಂದೆ ಹೈಸ್ಕೂಲಿನಲ್ಲಿ ಪ್ರೇಮ ಅದನ್ನೇ ಇಂಗ್ಲಿಷಿನಲ್ಲಿ ಓದಿದ್ದಳು. ಆಗಲೂ ಪಕ್ಕದಲ್ಲಿ ಕೂತು ಪುಟ ತಿರುವುತ್ತಿದ್ದವರು ಅಪ್ಪ.

ಈ ಸಲ ಒಬ್ಬಳೇ ಓದಿದಳು. ಪುಂಡರು ಸತ್ತ ಮೇಲೆ ಕಥೆ ಮುಗಿಯುತ್ತ ಬರಬೇಕಿತ್ತು. ಆದರೆ ರಾಜ ಮನೆಗೆಲಸದ ಹನ್ನೆರಡು ಹೆಣ್ಣುಗಳನ್ನು ಕರೆಸಿದ. ಪುಂಡರ ಜೊತೆ ಮಲಗಿದ್ದು ಅವರ ತಪ್ಪು. ಅವರ ಕೈಯಲ್ಲೇ ಹೆಣ ಹೊರಿಸಿ, ನೆಲದ ರಕ್ತ ತೊಳೆಸಿ, ಆಮೇಲೆ ಸಾಲಾಗಿ ನೇಣು ಹಾಕಿಸಿದ. ಹಗ್ಗ ಕಟ್ಟಿದವನು ರಾಜನ ಮಗ. ಆ ಪುಟದ ಅಂಚಿಗೆ ಪೆನ್ಸಿಲಿನಿಂದ ಉದ್ದಕ್ಕೊಂದು ಗೀಟು ಎಳೆದು, ಅಪ್ಪ ತಮ್ಮ ದುಂಡಕ್ಷರದಲ್ಲಿ ಬರೆದಿದ್ದರು: ‘ಬಿಡತಕ್ಕದ್ದು.’

ಪ್ರೇಮಳಿಗೆ ನೆನಪಾಯಿತು. ಕಥೆ ಮುಗಿದ ಆ ದಿನ ಲಕ್ಕಮ್ಮ ಕೇಳಿದ್ದಳು, ಅಷ್ಟು ದೊಡ್ಡ ಮನೆಯಲ್ಲಿ ಕೆಲಸದವರು ಇರಲಿಲ್ಲವೇ, ಅವರೇನಾದರು ಎಂದು. ಅವರವರ ಊರಿಗೆ ಹೋದರು ಎಂದಿದ್ದರು ಅಪ್ಪ. ಅದೇ ವರ್ಷ ಗೌರಿ ಹಬ್ಬದ ಹೊತ್ತಿಗೆ ಒಂದು ಮಧ್ಯಾಹ್ನ ಪ್ರೇಮ ಶಾಲೆಯಿಂದ ಬಂದರೆ ಲಕ್ಕಮ್ಮನೇ ಇರಲಿಲ್ಲ. ಊರಿಗೆ ಹೋದಳು ಎಂದರು ಅಪ್ಪ. ಎರಡು ದಿನ ಅತ್ತು, ಪ್ರೇಮ ನಂಬಿದ್ದಳು.

ಭಾನುವಾರ, ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋದಳು. ಪುಟದ ಸುದ್ದಿ ತೆಗೆದಾಗ ಅಪ್ಪ ನಕ್ಕರು. ಮಕ್ಕಳಿಗೆ ಅದನ್ನೆಲ್ಲ ಹೇಳುವುದುಂಟೇ ಎಂದರು. ಆಗ ಅವಳು ಕೇಳಿದಳು, “ಲಕ್ಕಮ್ಮನ್ನ ಯಾಕೆ ಕಳಿಸಿದ್ರಿ ಅಪ್ಪಾಜಿ?”

ಮೇಷ್ಟ್ರು ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

“ಅವಳಿಗೆ ನಾಕು ತಿಂಗಳಾಗಿತ್ತು. ನಿಮ್ಮಣ್ಣ ಆಗ ಇಂಟರ್ ಓದ್ತಿದ್ದ. ಅವನ ಓದು ಹಾಳಾಗ್ತಿತ್ತು, ಪ್ರೇಮ.”

ಅಣ್ಣ ಬಸವರಾಜು ಈಗ ಚನ್ನರಾಯಪಟ್ಟಣದಲ್ಲಿ ಹೆಸರಾದ ವಕೀಲ. ಸುಳ್ಳು ಹೇಳಿದ್ದಕ್ಕೆ ಒಮ್ಮೆ ಅವಳ ಅಂಗೈಗೆ ಬರೆ ಬರುವಂತೆ ಹೊಡೆದಿದ್ದರು ಈ ಅಪ್ಪ. ನಿನಗೆ ನೋವಾಗಬಾರದೆಂದು ಹೇಳಲಿಲ್ಲ ಎಂದು ಅವರು ಸಮಾಧಾನಕ್ಕೆ ತೊಡಗಿದಾಗ ಅವಳು ಎದ್ದು ನಿಂತಳು. ಲಕ್ಕಮ್ಮನ ಊರು ಯಾವುದೆಂದು ಮಾತ್ರ ಕೇಳಿ ತಿಳಿದುಕೊಂಡಳು.

ಮುಂದಿನ ವಾರ ಅರಕಲಗೂಡಿನಲ್ಲಿಳಿದು, ಗಾಡಿ ಹಿಡಿದು ಮಲ್ಲಿಪಟ್ಟಣಕ್ಕೆ ಹೋದಳು. ಲಕ್ಕಮ್ಮ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಮೂವತ್ತೊಂದಕ್ಕೇ ಕೂದಲು ನರೆತಿತ್ತು. ಗುರುತು ಹಿಡಿದವಳು ಬದುವಿನ ಮೇಲೆ ಸೆರಗಿನಿಂದ ಜಾಗ ಒರೆಸಿ ಕೂರಿಸಿದಳು. ಹುಟ್ಟಿದ್ದು ಹೆಣ್ಣುಮಗು, ಇಪ್ಪತ್ತು ದಿನ ಬದುಕಿತ್ತಂತೆ. ಆಮೇಲೆ ಅವಳನ್ನು ಯಾರೂ ಮದುವೆಯಾಗಲಿಲ್ಲವಂತೆ. ಯಾರನ್ನೂ ಬೈಯದೆ ಹೇಳಿದಳು. ತನಗೆ ಏನೂ ಗೊತ್ತಿರಲಿಲ್ಲ ಎಂದಳು ಪ್ರೇಮ. ಲಕ್ಕಮ್ಮ ಕೈಗಂಟಿದ ಮಣ್ಣನ್ನು ಉಜ್ಜಿಕೊಂಡಳು.

“ನೀವು ಇಸ್ಕೂಲಿಂದ ಬರಾಗಂಟ ಇರ್ತೀನಿ ಅಂದೆ ಕಣವ್ವಾ. ಅಯ್ನೋರು ಬ್ಯಾಡ ಅಂದ್ಬುಟ್ರು. ನಿಮ್ಗೆ ಅಕ್ಸರ ಬತ್ತಿತ್ತು. ಒಂದ್ ಕಾಗ್ದ ಬತ್ತದೆ ಅಂತ ವರ್ಸಗಟ್ಲೆ ಕಾದೆ.”

ಲಕ್ಕಮ್ಮ ಮತ್ತೆ ಕಳೆಗೆ ಬಾಗಿದಳು. ಅವಳಿಗೆ ಸಂಜೆಯೊಳಗೆ ಎರಡು ಸಾಲು ಮುಗಿಸಬೇಕಿತ್ತು.

ಹಾಸನಕ್ಕೆ ಮರಳಿ ಪ್ರೇಮ ಅಣ್ಣನಿಗೆ ಏನನ್ನೂ ಮುಚ್ಚಿಡದೆ ಬರೆದಳು. ಉತ್ತರ ಬರಲಿಲ್ಲ. ಸಂಕ್ರಾಂತಿಗೆ ಬಾ ಎಂದು ಅಪ್ಪ ಹೇಳಿಕಳುಹಿಸಿದರು, ಹೋಗಲಿಲ್ಲ. ಯುಗಾದಿಗೂ ಕರೆದರು. ಆಮೇಲೆ ಅವಳು ಆ ಮನೆಯ ಹೊಸಿಲು ತುಳಿದದ್ದು ಒಂದೇ ಸಲ, ಅವರು ತೀರಿಕೊಂಡ ದಿನ.