ಟೇಪು ಕಾಣದ ಫೋಟೊ

ಟೈಲರಮ್ಮ ಆ ಪೋಸ್ಟರನ್ನು ನೋಡಿದ್ದು ಹಾಲು ತರಲು ಹೋದಾಗ. ಬಸ್ ನಿಲ್ದಾಣದ ಗೋಡೆಯುದ್ದಕ್ಕೂ ಅದೇ. ನಗರಸಭೆ ಚುನಾವಣೆಗೆ ನಿಂತಿದ್ದ ಡಾಕ್ಟರಮ್ಮನನ್ನು ತಾನು ಎರಡೂ ತೋಳಿನಿಂದ ಬಳಸಿ ನಿಂತಿರುವ ಫೋಟೊ. ಕೆಳಗೆ ಕೆಂಪಕ್ಷರ: "ಕೊಲೆಗಾರನ ತಾಯಿಯ ಅಪ್ಪುಗೆಯಲ್ಲಿ ನಿಮ್ಮ ಡಾಕ್ಟರು!"

ಮುಷ್ಕರದ ದಿನ ಕಾರ್ಖಾನೆಯ ಗೋದಾಮಿಗೆ ಬೆಂಕಿ ಹಚ್ಚಿದ ಗುಂಪಿನಲ್ಲಿ ಅವಳ ಮಗನೂ ಇದ್ದ. ಒಳಗೆ ಮಲಗಿದ್ದ ಕಾವಲುಗಾರ ಉಳಿಯಲಿಲ್ಲ. ಮಗ ಜೈಲಿಗೆ ಹೋದ ಮೇಲೆ ಅಂಗಡಿಗೆ ಬರುವವರು ಒಬ್ಬೊಬ್ಬರಾಗಿ ಬೇರೆ ದಾರಿ ಹಿಡಿದರು. ಡಾಕ್ಟರಮ್ಮ ಮಾತ್ರ ಹರಿಯದ ಕೋಟಿನಲ್ಲೂ ಬಿಚ್ಚಿದ ಹೊಲಿಗೆ ಹುಡುಕಿಕೊಂಡು ಬರುತ್ತಿದ್ದರು.

ಆ ಫೋಟೊ ತೆಗೆದ ದಿನ ಅವರು ಬಂದದ್ದು ಹೊಸ ಕೋಟು ಹೊಲಿಸಲು. ಎದುರು ನಿಂತು ಟೇಪನ್ನು ಬೆನ್ನ ಹಿಂದಿನಿಂದ ಹಾಯಿಸುವಾಗ ಡಾಕ್ಟರಮ್ಮ ಮೆಲ್ಲಗೆ, "ಮಗ ಹೇಗಿದ್ದಾನೆ?" ಎಂದರು. ಊರಲ್ಲಿ ಯಾರೂ ಕೇಳದ ಮಾತು. ಟೇಪು ಕೈಯಿಂದ ಜಾರಿತು, ದುಃಖ ಒತ್ತರಿಸಿ ಬಂತು. ಡಾಕ್ಟರಮ್ಮ ಅವಳನ್ನು ಎದೆಗೆಳೆದುಕೊಂಡರು, ಅವಳೂ ಅವರನ್ನು ಬಳಸಿಕೊಂಡಳು. ಪ್ರಚಾರದ ಹೊಣೆ ಹೊತ್ತು ಜೊತೆಗೆ ಬಂದಿದ್ದ ಅವರ ಅಕ್ಕನ ಮಗ ಬಾಗಿಲಲ್ಲೇ ನಿಂತು ಫೋಟೊ ತೆಗೆದು, "ದೊಡ್ಡ ಮನಸ್ಸಿನ ಡಾಕ್ಟರು" ಎಂದು ಬರೆದು ಊರಿಗೆಲ್ಲ ಕಳಿಸಿಬಿಟ್ಟ. ಆ ಹೆಂಗಸು ಯಾರೆಂದು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ; ಎದುರು ಪಕ್ಷದವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಪೋಸ್ಟರು ಕಾಣಿಸಿಕೊಂಡ ದಿನ ಮಧ್ಯಾಹ್ನ ಅವನೇ ಮುಖ ಸಣ್ಣದು ಮಾಡಿಕೊಂಡು ಬಂದ.

"ಚಿಕ್ಕಮ್ಮನ ಕುತ್ತಿಗೆಗೆ ನಾನೇ ತಂದಿಟ್ಟೆ ಅಮ್ಮಾ. ಅವರು ಸೋತರೆ ಎದುರು ಪಕ್ಷದವರು ಊರಿನ ಹೆರಿಗೆ ಆಸ್ಪತ್ರೆ ಮುಚ್ಚಿಸ್ತಾರೆ. ಸಂಜೆ ಸಭೇಲಿ ನೀವೊಂದು ಮಾತು ಹೇಳಿ. ಅಪ್ಪಿಕೊಂಡಿದ್ದಲ್ಲ, ಅಳತೆ ತೆಗೀತಿದ್ದೆ ಅಂತ."

"ಡಾಕ್ಟರಮ್ಮ ಹೇಳಿ ಕಳಿಸಿದ್ರಾ?"

"ಅಯ್ಯೋ, ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ."

"ಕೂತ್ಕೊಳಪ್ಪಾ, ಮೊದಲು ನೀರು ಕುಡಿ. ಬರ್ತೀನಿ."

ಸಂಜೆ ಅವಳು ವೇದಿಕೆ ಹತ್ತುತ್ತಿದ್ದಂತೆ ಯಾರೋ ಕೂಗಿದರು: "ಬಂದ್ಲಪ್ಪಾ ಕೊಲೆಗಾರನ ತಾಯಿ!"

"ಹೌದು, ಅವನ ತಾಯಿ ನಾನೇ," ಎಂದಳು. "ಈ ಡಾಕ್ಟರಮ್ಮ ನನಗೆ ಏನೂ ಆಗಬೇಕಿಲ್ಲ. ಅಂಗಡಿಗೆ ಬಂದ ಗಿರಾಕಿ, ಅಷ್ಟೇ. ನಾವು ಅಳತೆ ತೆಗೆಯೋದು ಹೀಗೆ, ನೋಡ್ಕೊಳ್ಳಿ." ಕುರ್ಚಿಯಿಂದ ಎದ್ದು ಬಂದ ಡಾಕ್ಟರಮ್ಮನ ಸುತ್ತ ಟೇಪು ಹಾಯಿಸಿದಳು.

"ಅಳತೆ ಎಷ್ಟಮ್ಮೋ? ಜೋರಾಗಿ ಹೇಳು!" ಎಂದು ಗುಂಪಿನಿಂದೊಬ್ಬ ಕೂಗಿದ.

"ನಿನ್ನ ಹೊಟ್ಟೆ ಅಳತೆ ಬೇಕಾದ್ರೆ ಹೇಳ್ತೀನಪ್ಪಾ. ಟೇಪು ಸಾಲ್ದಿದ್ರೆ ಹಗ್ಗ ತರ್ತೀನಿ."

ಸಭೆ ಗೊಳ್ಳೆಂದಿತು. ಆ ನಗುವಿನ ಮರೆಯಲ್ಲಿ ಡಾಕ್ಟರಮ್ಮ ಪಿಸುಗುಟ್ಟಿದರು. "ಯಾಕೆ ಹೀಗೆ ಸುಳ್ಳು ಹೇಳ್ತೀಯ? ನಿಜ ನಾನೇ ಹೇಳ್ಬಿಡ್ತೀನಿ."

"ಅಲುಗಾಡಬೇಡಿ ಡಾಕ್ಟರಮ್ಮ, ಅಳತೆ ತಪ್ಪತ್ತೆ."

ಡಾಕ್ಟರಮ್ಮ ಮೈಕಿನತ್ತ ತಿರುಗಿದರು. ನಗುತ್ತಿದ್ದ ಜನರನ್ನು ನೋಡಿದರು. ಮತ್ತೆ ಕುರ್ಚಿಗೆ ಹೋಗಿ ಕೂತರು. ಟೈಲರಮ್ಮ ಟೇಪು ಸುತ್ತಿಕೊಂಡು ಇಳಿದಳು.

ಡಾಕ್ಟರಮ್ಮ ಗೆದ್ದರು. ಹೊಸ ಕೋಟನ್ನು ಅಕ್ಕನ ಮಗ ಬಂದು ಒಯ್ದ. ಸಭೆಯ ಮುಂದೆ ಬರೀ ಗಿರಾಕಿ ಎನಿಸಿಕೊಂಡವರು ಇನ್ನು ಸುಮ್ಮಸುಮ್ಮನೆ ಅಂಗಡಿಗೆ ಬರುವುದಾದರೂ ಹೇಗೆ? ಬರಲಿಲ್ಲ. ಅವಳು ಅದನ್ನು ತಪ್ಪೆಂದುಕೊಳ್ಳಲೂ ಇಲ್ಲ.

ಭೇಟಿಯ ದಿನ ಜೈಲಿನ ಜಾಲರಿಯಾಚೆ ಮಗ ಕಾದಿದ್ದ.

"ಪೇಪರಲ್ಲಿ ಫೋಟೊ ನೋಡ್ದೆ ಅಮ್ಮಾ. ಬೈದು ಬರೆದಿದ್ರು, ಆದ್ರೂ ನಂಗೆ ಖುಷಿಯಾಯ್ತು. ನಾನಿಲ್ದಿದ್ರೂ ನಿನ್ನ ತಬ್ಬಿಕೊಳ್ಳೋಕೆ ಒಬ್ಬರಿದ್ದಾರಲ್ಲ ಅಂದ್ಕೊಂಡೆ. ಆಮೇಲೆ ನೋಡಿದ್ರೆ, ಬರೀ ಅಳತೆ ಅಂತ ನೀನೇ ಹೇಳಿದ್ದೀಯ. ಯಾವುದಮ್ಮಾ ನಿಜ?"

ಪಕ್ಕದಲ್ಲಿದ್ದ ಜೈಲು ಸಿಬ್ಬಂದಿಯವನು, ವಯಸ್ಸಾದವನು, ಮಾತು ಕಿವಿಗೆ ಬಿದ್ದಿತೇನೋ, ಯಾರೂ ಹೇಳದೆ ತಾನಾಗಿ ದೂರ ಸರಿದು ಕಿಟಕಿಯತ್ತ ಮುಖ ಮಾಡಿ ನಿಂತ. ಒಳ್ಳೆಯವನೇ. ಆದರೂ ಊರಿನವನು, ಮನೆಗೆ ಹೋಗಿ ಹೆಂಡತಿಗಾದರೂ ಹೇಳಿಯಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಬರೀ ಅಳತೆ ಕಣೋ," ಎಂದಳು.

ಮಗ ತಲೆ ತಗ್ಗಿಸಿದ. ಆಮೇಲೆ, "ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯ ತಾನೆ?" ಎಂದು ಕೇಳಿದ.

"ಮಾಡ್ತೀನಪ್ಪಾ," ಎಂದಳು ತಾಯಿ.