ಸೂಜಿ ಹೋಗುವ ತೂತು

ಹಾಲೇಶನ ಬಲಗಣ್ಣನ್ನು ತಿಂದದ್ದು ಅವನದೇ ಕೇಪಿನ ಕೋವಿ. ಕೆನ್ನೆಗೆ ಆನಿಸಿ ಕೇಪಿಗೆ ಬಡಿಯುವ ಕುದುರೆ ಬಿಟ್ಟಿದ್ದೇ ತಡ, ಬೆಂಕಿ ಹಿಂದಕ್ಕೆ ಚಿಮ್ಮಿ, ಟೊಪ್ಪಿಯಂಥ ಆ ಪುಟ್ಟ ತಗಡಿನ ಕೇಪು ಚೂರಾಗಿ ಕಣ್ಣಿಗೆ ಹೊಕ್ಕಿತು. ಅದನ್ನು ಆಗಷ್ಟೇ ರಿಪೇರಿ ಮಾಡಿಕೊಟ್ಟವನು ಅಜ್ಜಂಪುರದ ಸೋಮಶೇಖರಪ್ಪ. ಆ ಮಹಾನುಭಾವ ಬಂದು ನೋಡುವುದಿರಲಿ, ಹಾಲೇಶ ಕುಡಿದು ಮದ್ದು ಜಾಸ್ತಿ ತುಂಬಿದ ಎಂದು ಕಡೂರಿನವರೆಗೂ ಸಾರಿಕೊಂಡು ಬಂದ. ಹಾಲೇಶ ಹೆಂಡ ಮುಟ್ಟಿದವನೇ ಅಲ್ಲ. ಆದರೂ ಕುಡುಕ ಹಾಲೇಶ ಎಂಬ ಹೆಸರು ನಿಂತಿತು.

ಹೋದ ಕಣ್ಣಿಗಿಂತ ಬಂದ ಹೆಸರು ಅವನನ್ನು ಹೆಚ್ಚು ಸುಟ್ಟಿತು. ಹಟಕ್ಕೆ ಬಿದ್ದು ತರೀಕೆರೆಯಲ್ಲಿ ಲೇತ್ ಕೆಲಸ ಕಲಿತ, ಕೋವಿ ರಿಪೇರಿಗೆ ಲೈಸೆನ್ಸ್ ಮಾಡಿಸಿ ಅಲ್ಲೇ ಅಂಗಡಿ ಇಟ್ಟ. ಕಲಿತ ಮೇಲೆ ತನ್ನ ಕೋವಿ ಬಿಚ್ಚಿ ನೋಡಿದ. ಕೇಪಿನ ಕಿಡಿ ಮದ್ದಿಗೆ ಇಳಿಯುವ ತೂತಿನಲ್ಲಿ ಒಂದು ಸೂಜಿ ಹೋಗಬೇಕು, ಅಷ್ಟೇ. ದಪ್ಪವಾದರೆ ಮದ್ದಿನ ಬೆಂಕಿ ಅದರಲ್ಲೇ ಹಿಂದಕ್ಕೆ ನುಗ್ಗಿ ಕೇಪನ್ನು ಸಿಡಿಸುತ್ತದೆ. ಅಲ್ಲಿ ಸೈಕಲ್ ಕಡ್ಡಿ ಸಲೀಸಾಗಿ ಹೋಯಿತು. ಅವತ್ತು ಅವನಿಗೆ ಇನ್ನೊಂದು ವಿಷಯವೂ ನೆನಪಾಯಿತು. ರಿಪೇರಿ ಮಾಡಿದವನೇ ಮೊದಲ ಈಡು ಹಾರಿಸಿ ತೋರಿಸುವುದು ಈ ಕಡೆಯ ರೂಢಿ. ಸೋಮಶೇಖರಪ್ಪ ಮಾತ್ರ ಭುಜ ನೋವೆಂದು ಹೇಳಿ ಕೋವಿಯನ್ನು ಇವನ ಕೈಗೆ ಕೊಟ್ಟಿದ್ದ.

ಅದೇ ಸೋಮಶೇಖರಪ್ಪ ಈಗ ನಾಚಿಕೆಯಿಲ್ಲದೆ ತನ್ನ ತಾತನ ಕೋವಿ ಹೊತ್ತು ಬಂದ. ವಯಸ್ಸಾಗಿ ಕೈ ನಡುಕ ಬಂದು ಅವನು ಕಸುಬು ಬಿಟ್ಟಿದ್ದ. ಕೇಪು ಚಟ್ ಅನ್ನುತ್ತದೆ, ಈಡು ಹಾರುವುದಿಲ್ಲ, ಆಯುಧಪೂಜೆಗೆ ಮಾಡಿಕೊಡು ಎಂದ. ಹಾಲೇಶನಿಗೆ ಏನೂ ಗೊತ್ತಿಲ್ಲವೆಂದೇ ನಂಬಿದ್ದ.

ಕಿಡಿ ಇಳಿಯುವ ದಾರಿ ಡೊಂಕಾಗಿತ್ತು, ತಿರುವಿನಲ್ಲಿ ಮಸಿ ಕಟ್ಟಿತ್ತು. ಹಾಲೇಶ ದಾರಿಯನ್ನು ನೇರ ಮಾಡಿದ. ಮೇಲೆ ಅಗಲ, ತಳದಲ್ಲಿ ಕಿರಿದು, ಕಿಡಿ ಒಂದೇ ಉಸಿರಿಗೆ ಮದ್ದಿಗೆ ಬೀಳಬೇಕು. ತಳದ ತೂತಿಗೆ ಬಂದಾಗ ಕೊರೆಯುವ ದಪ್ಪ ಬಿಟ್ ತೆಗೆದು ಮೆಷಿನ್ನಿಗೆ ಹಾಕಿದ. ಅವನ ಕಣ್ಣೂ ಹೋಗಲಿ, ಅವನ ಮನೆಯೂ ಅಳಲಿ ಅನ್ನಿಸಿತು, ಮನಸಾರೆ ಅನ್ನಿಸಿತು. ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದ.

ಆಯುಧಪೂಜೆಯ ಬೆಳಿಗ್ಗೆ ಸೋಮಶೇಖರಪ್ಪನ ಕಣದಲ್ಲಿ ನೆಂಟರಿಷ್ಟರೆಲ್ಲ ಸೇರಿದ್ದರು. ಕೋವಿಗೆ ಕುಂಕುಮ ಹಚ್ಚಿದ ಮೇಲೆ ಹಾಲೇಶನೇ ಮದ್ದು ತುಂಬಿ ಕೇಪು ಕೂರಿಸಿದ. ಊರಿಗೆ ಹಿರಿಯನಾದ ತೀರ್ಥಪ್ಪ, ರೂಢಿಯಂತೆ ಮೊದಲ ಈಡು ನಿನ್ನದೇ ಎಂದು ಹಾಲೇಶನಿಗೆ ಹೇಳಿದ.

"ಭುಜ ನೋವು ಕಣ್ರೀ" ಎಂದು ಹಾಲೇಶ ಕೋವಿಯನ್ನು ಸೋಮಶೇಖರಪ್ಪನ ಕೈಗಿಟ್ಟ. "ಅವತ್ತು ನನ್ ಕೋವಿಗೆ ನೀವು ಎಷ್ಟು ದಪ್ಪ ತೂತು ಇಟ್ಟಿದ್ರೋ, ಇದಕ್ಕೂ ಅಷ್ಟೇ ಇಟ್ಟಿದ್ದೀನಿ. ನಿಮ್ಮ ಅಳತೆ, ನೀವೇ ಹಾರಿಸಿ."

ಕೇಳಿದವರಿಗೆ ಅದು ಹಳೇ ಕಸುಬುದಾರನಿಗೆ ಕೊಟ್ಟ ಮರ್ಯಾದೆಯಂತೆ ಕಂಡಿತು. ಸೋಮಶೇಖರಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನ ಮಗ ಮೋಹನ್, ಅಪ್ಪನಿಗೆ ಕೈ ನಡುಕ, ನಾನೇ ಹಾರಿಸ್ತೀನಿ ಎಂದು ಕೋವಿ ಇಸ್ಕೊಂಡು ಕೆನ್ನೆಗೆ ಆನಿಸಿದ, ಬಿಡುವುದಕ್ಕೆಂದು ಕುದುರೆಯನ್ನು ಹಿಂದಕ್ಕೆ ಎಳೆದಿಟ್ಟ. ಹಾಲೇಶ ತಡೆಯಲಿಲ್ಲ.

ಮುದುಕ ಓಡಿಹೋಗಿ ಮಗನ ಕೈ ಹಿಡಿದ. "ಬ್ಯಾಡ ಕಣೋ, ಕಣ್ಣು ಹೋಗ್ತದೆ."

"ಅದೆಂಗಯ್ಯಾ ಹೋಗ್ತದೆ?" ಎಂದ ತೀರ್ಥಪ್ಪ. "ಅವ್ನು ಕುಡಿದು ಮದ್ದು ತುಂಬಿದ್ದಕ್ಕೆ ಹೋಯ್ತು ಅಂದಿದ್ದು ನೀನೇ ಅಲ್ವಾ?"

ಸೋಮಶೇಖರಪ್ಪ ನೆಲ ನೋಡಿದ. "ಅವ್ನು ಕುಡಿದಿರ್ಲಿಲ್ಲ. ತೂತು ನಾನೇ ದಪ್ಪ ಕೊರೆದ್ಬಿಟ್ಟಿದ್ದೆ. ಗೊತ್ತಿದ್ದೂ ಕೊಟ್ಟೆ."

ಹಾಲೇಶ ಮೋಹನನಿಂದ ಕೋವಿ ತೆಗೆದುಕೊಂಡು ಕೇಪು ಬಿಚ್ಚಿದ. ಜೇಬಿನಿಂದ ಸೈಕಲ್ ಕಡ್ಡಿ ತೆಗೆದು ತೂತಿಗೆ ಹಿಡಿದು ತೋರಿಸಿದ. ಅದು ಇಳಿಯಲಿಲ್ಲ. ಸೂಜಿ ಹಿಡಿದ, ಬಿಗಿಯಾಗಿ ಇಳಿಯಿತು. ಮತ್ತೆ ಕೇಪು ಕೂರಿಸಿ, ಎಡಭುಜಕ್ಕೆ ಕೊಟ್ಟು, ಇರುವ ಒಂದು ಕಣ್ಣನ್ನು ಗುರಿಗೆ ಕೂಡಿಸಿ ಕುದುರೆ ಬಿಟ್ಟ. ಈಡು ಒಂದೇ ಏಟಿಗೆ ಹಾರಿತು; ಕೇಪಿನ ಸದ್ದು, ಈಡಿನ ಸದ್ದು ಎರಡೂ ಒಂದಾಗಿಯೇ ಕೇಳಿದವು.

ಹೊರಡುವಾಗ ಸೋಮಶೇಖರಪ್ಪ ಎಲೆ ಅಡಿಕೆ ಹಿಡಿದು, ತಪ್ಪಾಯ್ತು ಕಣಪ್ಪಾ ಎನ್ನುತ್ತ ಬಲಗಡೆ ಬಂದು ನಿಂತ. ಆ ಕಡೆ ಹಾಲೇಶನಿಗೆ ಏನೂ ಕಾಣುವುದಿಲ್ಲ. ಅವನು ತಿರುಗಿಯೂ ನೋಡದೆ ತರೀಕೆರೆ ಬಸ್ಸಿಗೆ ನಡೆದ.