ಕಿಟಕಿಯ ಬಳಿ ಮುನ್ನೂರು ಬಟ್ಟಲು

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಹಣ್ಣು ಹಾಕಿದ ಕಸ್ಟರ್ಡಿನ ಮುನ್ನೂರು ಗಾಜಿನ ಬಟ್ಟಲುಗಳು ಮದುವೆಯ ಸಭಾಂಗಣದ ಪೂರ್ವದ ಕಿಟಕಿಯ ಬಳಿ, ಉದ್ದನೆಯ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಬಡಿಸಿದ್ದು ಮಧ್ಯಾಹ್ನ ಒಂದೂ ಐವತ್ತಕ್ಕೆ. ನಡುವಿನ ಮೂರು ಗಂಟೆ ನಲವತ್ತು ನಿಮಿಷ ಅವು ಅಲ್ಲಿಂದ ಕದಲಲಿಲ್ಲ. ಕದಲಿಸಬೇಡಿ ಎಂದವಳು ಫೋಟೋದವಳು.

ಹುಡುಗ ಹುಡುಗಿಯ ಫೋಟೋ ತೆಗೆಯಲು ಬೇರೆ ಇಬ್ಬರಿದ್ದರು. ಇವಳ ಪಾಲಿಗೆ ಬರುವುದು ಊಟದ ಮೇಜು, ತಟ್ಟೆ, ಲೋಟ, ಲೋಟದೊಳಗಿನ ಹಣ್ಣಿನ ರಸ. ಒಂಬತ್ತು ವರ್ಷದಿಂದ ಇದೇ ಕಸುಬು. ಮದುವೆ ಊಟವನ್ನು ಇವಳಷ್ಟು ಹತ್ತಿರದಿಂದ ನೋಡಿದವರಿಲ್ಲ, ಇವಳಷ್ಟು ತಡವಾಗಿ, ಆರಿದ ಮೇಲೆ ಉಂಡವರೂ ಇಲ್ಲ. ಅಂದಿನ ಅಡುಗೆಯವನು ಇವಳ ಅಕ್ಕನ ಗಂಡ. ಅವನು ಒಪ್ಪಿಕೊಂಡ ಮದುವೆಗಳಿಗೆಲ್ಲ ಇವಳ ಕ್ಯಾಮೆರಾವೂ ಹೋಗುತ್ತಿತ್ತು. ಭಾವ ಬೇಯಿಸಿದ್ದನ್ನು ನಾದಿನಿ ಮೆರೆಸುತ್ತಾಳೆ ಎಂದು ಬಡಿಸುವವರು ಆಡಿಕೊಳ್ಳುತ್ತಿದ್ದರು.

"ನಲವತ್ತು ಬಟ್ಟಲು ಕೊಡ್ತೀನಿ. ಹತ್ತು ನಿಮಿಷದಲ್ಲಿ ಫೋಟೋ ತೆಗೆದು ವಾಪಸ್ ಕಳಿಸು" ಎಂದಿದ್ದ ಭಾವ, ಅಂದು ಬೆಳಿಗ್ಗೆ.

"ನಲವತ್ತಿಟ್ರೆ ಮದುವೆ ಥರ ಕಾಣಲ್ಲ ಭಾವ. ಪಕ್ಕದ ಮನೆಯವರು ಟೀಗೆ ಬಂದ ಹಾಗೆ ಕಾಣುತ್ತೆ."

"ಹಾಲು ಮೊಟ್ಟೆ ಬಿದ್ದಿರೋ ಪದಾರ್ಥ ಕಣೆ. ಹೊರಗಿಟ್ರೆ ಕೆಡುತ್ತೆ."

"ಆ ಕಿಟಕಿ ಬೆಳಕು ಹತ್ತೂವರೆ ತನಕ ಮಾತ್ರ. ನಿಮ್ಮ ಫ್ರಿಜ್ಜು ಎಲ್ಲಿಗೂ ಓಡಿಹೋಗಲ್ಲ."

ಭಾವ ಕೈಯೊರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ನಿಮ್ಮಕ್ಕನ ಹತ್ರ ವಾದ ಮಾಡಿ ಸೋತೂ ಸೋತೂ ಸಾಕಾಗಿದೆ. ನಿನ್ನ ಹತ್ರ ಬೇರೆ ಯಾಕೆ?" ಎಂದು ಮುನ್ನೂರನ್ನೂ ಹೊರಗೆ ಕಳಿಸಿದ.

ಫೋಟೋ ಚೆನ್ನಾಗಿ ಬಂತು. ತಣ್ಣನೆಯ ಗಾಜಿನ ಮೇಲೆ ಹನಿಗಟ್ಟಿದ್ದ ನೀರು ಒಂದೊಂದೂ ಎಣಿಸುವಂತೆ ಕಾಣುತ್ತಿತ್ತು. ಹತ್ತೂ ಮುಕ್ಕಾಲಿಗೆ ಭಾವ ತಾನೇ ಬಂದು ಬಟ್ಟಲು ಒಳಗೊಯ್ಯಲು ಜನರನ್ನು ಕರೆದ. ಇವಳು ಅಡ್ಡ ನಿಂತಳು. ಮದುಮಗಳು ಹನ್ನೊಂದೂವರೆಗೆ ಬರುತ್ತಾಳೆ, ದೀಪ ಹಾಕಿ ಈ ಸಾಲಿನ ಹಿಂದೆ ನಿಲ್ಲಿಸಿ ಒಂದೇ ಒಂದು ತೆಗೆದರೆ ಮುಗಿಯಿತು ಎಂದಳು.

"ಕೆಡುತ್ತೆ ಅಂತ ಎರಡನೇ ಸಲ ಹೇಳ್ತಿದ್ದೀನಿ ನೋಡು."

"ನಾನೂ ಎರಡನೇ ಸಲ ಕೇಳ್ತಿದ್ದೀನಿ ಭಾವ."

ಒಳಗೆ ಒಲೆಯ ಮೇಲೆ ಏನೋ ಉಕ್ಕುತ್ತಿದೆಯೆಂದು ಯಾರೋ ಕೂಗಿದರು. ಭಾವ ಓಡಿದ. ಕಾಯುತ್ತಲೇ ಇವಳು ಆಗಾಗ ಬಟ್ಟಲುಗಳ ಫೋಟೋ ತೆಗೆಯುತ್ತಿದ್ದಳು. ಮದುಮಗಳು ಕೂದಲು ಕಟ್ಟಿಸಿಕೊಂಡು ಬಂದಾಗ ಒಂದೂ ಇಪ್ಪತ್ತು. ಆ ಹೊತ್ತಿಗೆ ಜನ ಊಟಕ್ಕೆ ಕೂತಾಗಿತ್ತು; ಬಟ್ಟಲುಗಳು ಕಿಟಕಿಯಿಂದ ನೇರ ಪಂಕ್ತಿಗೆ ಹೋದವು.

ಅಂದು ಸಂಜೆ ಏಳಕ್ಕೆ ಅವಳು ಎಲ್ಲ ಫೋಟೋಗಳನ್ನೂ ಹುಡುಗಿಯ ಮನೆಗೆ ಕಳಿಸಿದಳು. ಮರುದಿನದ ಹೊತ್ತಿಗೆ ಅರವತ್ತೊಂದು ಜನಕ್ಕೆ ವಾಂತಿ ಭೇದಿ. ಒಂಬತ್ತು ಜನ ಆಸ್ಪತ್ರೆ ಸೇರಿದರು. ಮೂರನೆಯ ದಿನಕ್ಕೆ ಎಲ್ಲರೂ ಮನೆಗೆ ಬಂದರು.

ನಾಲ್ಕನೆಯ ದಿನ ಅಕ್ಕ ಫೋನ್ ಮಾಡಿದಳು. ಆರೋಗ್ಯ ಇಲಾಖೆಯವರು ಭಾವನನ್ನು ಕರೆಸಿ ಹೇಳಿಕೆ ತೆಗೆದುಕೊಂಡಿದ್ದರು.

"ಒಳಗಿಡೋಕೆ ಮರೆತುಹೋಯ್ತು ಅಂತ ಹೇಳಿ ಬಂದಿದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ಉಪ್ಪು ಮರೆತವರಲ್ಲ" ಎಂದಳು. ಮುನ್ನೂರು ಬಟ್ಟಲು ಹೊರಗಿಡಿಸಿದ್ದು ಯಾರೆಂದು ಅಕ್ಕನಿಗೆ ಗೊತ್ತಿರಲಿಲ್ಲ.

ಫೋಟೋದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹನ್ನೊಂದಕ್ಕೆ ಇಲಾಖೆಯ ಕಚೇರಿಯಲ್ಲಿದ್ದಳು. ಕಬ್ಬಿಣದ ಕಪಾಟು, ಒಂದು ಮೇಜು, ಮೂರು ಕುರ್ಚಿ. ಅಧಿಕಾರಿಯ ಮೇಜಿನ ಮೇಲೆ ಅವಳು ತೆಗೆದ ಫೋಟೋಗಳನ್ನೇ ಹೊತ್ತಿನ ಪ್ರಕಾರ ಜೋಡಿಸಿಡಲಾಗಿತ್ತು. ಹುಡುಗಿಯ ತಂದೆ ತಂದುಕೊಟ್ಟಿದ್ದ. ಪ್ರತಿಯೊಂದರ ಕೆಳಗೂ ಗಂಟೆ, ನಿಮಿಷ.

"ನೀವೇನಾ ತೆಗೆದಿದ್ದು?" ಎಂದು ಅಧಿಕಾರಿ ಕನ್ನಡಕ ಏರಿಸಿದ. "ಹತ್ತೂ ಹತ್ತಕ್ಕೆ ಗಾಜಿನ ಮೇಲೆ ಹನಿ ಇದೆ. ಹನ್ನೊಂದಕ್ಕೆ ಒಣಗಿದೆ. ಹನ್ನೆರಡೂವರೆಗೆ ಹಣ್ಣಿನ ಸುತ್ತ ನೀರೊಡೆದಿದೆ ನೋಡಿ. ಬೇರೆಯವರು ತೆಗೆದಿದ್ರೆ ನನಗಿದು ಗೊತ್ತೇ ಆಗ್ತಿರಲಿಲ್ಲ. ಒಳ್ಳೆ ಕೈ ನಿಮ್ಮದು."

"ಸರ್, ಅಡುಗೆಯವರು ಮರೆತಿಲ್ಲ. ನಾನೇ ಹೊರಗಿಡಿ ಅಂದಿದ್ದು. ಫೋಟೋಗೆ."

ಅವನು ಹೊಸ ಹಾಳೆ ತೆಗೆದ. "ಅವರೇನಂದ್ರು?"

"ಬೇಡ ಅಂದ್ರು. ಕೆಡುತ್ತೆ ಅಂತ ಎರಡು ಸಲ ಹೇಳಿದ್ರು. ನಾನೇ ಹಟ ಮಾಡಿದೆ. ಅವರದೇನೂ ತಪ್ಪಿಲ್ಲ ಸರ್."

"ಎರಡು ಸಲ?"

"ಎರಡು ಸಲ. ಬೇಕಾದ್ರೆ ಬಡಿಸೋವರನ್ನ ಕೇಳಿ."

ಅವನು ನಿಧಾನವಾಗಿ ಬರೆದು ಓದಿ ಹೇಳಿದ. ಒಂದಕ್ಷರ ಹೆಚ್ಚಿರಲಿಲ್ಲ, ಒಂದಕ್ಷರ ಕಡಿಮೆಯಿರಲಿಲ್ಲ. ಅವಳು ಸಹಿ ಹಾಕಿದಳು. ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು.

"ಇನ್ನು ಅವರಿಗೆ ತೊಂದರೆ ಇಲ್ಲ ಅಲ್ವಾ ಸರ್?"

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. "ಮರೆತಿದ್ರೆ ಹದಿನೈದು ದಿನ ಅಡುಗೆಮನೆ ಮುಚ್ಚಿಸಿ ಎಚ್ಚರಿಕೆ ಕೊಡ್ತೀವಿ. ಕೆಡುತ್ತೆ ಅಂತ ಗೊತ್ತಿದ್ದೂ ಬಡಿಸಿದ್ರೆ ಲೈಸೆನ್ಸ್ ರದ್ದು. ಅವರಿಗೆ ಗೊತ್ತಿತ್ತು ಅಂತ ಈಗ ನೀವೇ ಹೇಳಿದ್ರಲ್ಲಮ್ಮ."

"ತಪ್ಪು ನನ್ನದು ಅಂತ ಬರ್ಕೊಳ್ಳಿ."

"ಲೈಸೆನ್ಸ್ ನಿಮ್ಮ ಹೆಸರಲ್ಲಿದೆಯಾ?"

"ಇಲ್ಲ."

"ನಿಮ್ಮ ಮೇಲೆ ಹಾಕೋಕೆ ನನ್ನ ಹತ್ರ ಯಾವ ಕಲಮೂ ಇಲ್ಲ."

"ಹಾಗಾದ್ರೆ ಆ ಹಾಳೆ ಹರಿದುಹಾಕಿ. ನಾನು ಹೇಳಿದ್ದು ಸುಳ್ಳು."

"ಯಾವುದು ಸುಳ್ಳು?" ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು. ಪೆನ್ನಿನ ಮುಚ್ಚಳ ಮತ್ತೆ ತೆಗೆದು ಕಾದ. ಅವಳು ಮೇಜಿನ ಮೇಲಿನ ಫೋಟೋಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ಅವನು ಹಾಳೆಯನ್ನು ಕಡತಕ್ಕೆ ಸೇರಿಸಿ, ಕುಡಿಯಲು ನೀರು ಬೇಕೇ ಎಂದು ಕೇಳಿದ.

ಭಾವನ ಅಡುಗೆಮನೆ ಅವನ ಮನೆಯ ಹಿಂದೆಯೇ ಇತ್ತು. ಅವಳು ಹೋದಾಗ ಅವನು ದೊಡ್ಡ ಪಾತ್ರೆಯೊಂದನ್ನು ಮಗ್ಗುಲಿಗೆ ಮಲಗಿಸಿ, ಅರ್ಧ ಮೈ ಒಳಗೆ ತೂರಿಸಿ ಉಜ್ಜುತ್ತಿದ್ದ. ಹದಿನೈದು ದಿನ ರಜೆ ಬಂದರೆ ಎಲ್ಲಕ್ಕೂ ಕಲಾಯಿ ಹಾಕಿಸಬಹುದು ಎಂದು ಪಾತ್ರೆಯೊಳಗಿಂದಲೇ ಹೇಳಿದ. ಅವಳು ನಿಂತೇ ನಡೆದದ್ದನ್ನೆಲ್ಲ ಒಪ್ಪಿಸಿದಳು. ಉಜ್ಜುವ ಸದ್ದು ನಿಂತಿತು. ಅವನು ತಕ್ಷಣ ಹೊರಗೆ ಬರಲಿಲ್ಲ.

"ಎರಡು ಸಲ ಅಂತಾನೂ ಹೇಳಿದ್ಯಾ?"

"ಹೇಳಿದೆ ಭಾವ."

"ಲೆಕ್ಕದಲ್ಲಿ ಜಾಣೆ ನೀನು" ಎಂದ. ನಗಲು ನೋಡಿದ, ಆಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. "ಅವತ್ತು ಅವರ ಮಾತು ಕೇಳಿ ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು. ಇವತ್ತಾದ್ರೂ ಮುಚ್ಕೊಂಡಿದ್ರೆ ಸಾಕಿತ್ತು. ನಿನ್ನ ಸಮಾಧಾನಕ್ಕೆ ಹೋದೆ, ಅಲ್ವಾ?"

"ಅಕ್ಕ, ನಾನು ಅವರನ್ನ ಉಳಿಸೋಕೆ ಅಂತ—"

"ಗೊತ್ತು. ಅದಕ್ಕೇ ಬೈಯೋಕೂ ಆಗ್ತಿಲ್ಲ" ಎಂದು ಅಕ್ಕ ಒಳಗೆ ಹೋದಳು.

ಮರುದಿನ ಭಾವ ಕಚೇರಿಗೆ ಹೋಗಿ, ನಾದಿನಿಗೆ ಸರಿಯಾಗಿ ನೆನಪಿಲ್ಲ ಎಂದು ಬರೆದುಕೊಟ್ಟ. ಅಧಿಕಾರಿ ಅದನ್ನೂ ತೆಗೆದುಕೊಂಡ. ಬಡಿಸುವವರಲ್ಲಿ ಇಬ್ಬರನ್ನು ಕರೆಸಿ ಕೇಳಿದ. ಅವರು ಕೇಳಿದ್ದಕ್ಕೆ ಕೇಳಿದಂತೆ ಉತ್ತರ ಕೊಟ್ಟರು: ಹೌದು, ಎರಡು ಸಲ.

ಬುಧವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಇಲಾಖೆಯ ಇಬ್ಬರು ನೌಕರರು ಬಂದು, ಲೈಸೆನ್ಸ್ ರದ್ದಾದ ಕಾಗದ ಭಾವನ ಕೈಗೆ ಕೊಟ್ಟು, ಅಡುಗೆಮನೆಯ ಎರಡೂ ಬಾಗಿಲಿಗೆ ಬೀಗ ಹಾಕಿ ಮುದ್ರೆ ಒತ್ತಿದರು. ಆ ತಿಂಗಳಿಗೆ ಭಾವ ಒಪ್ಪಿಕೊಂಡಿದ್ದ ಮೂರು ಮದುವೆಗಳ ಅಡುಗೆ ಬೇರೆಯವರ ಪಾಲಾಯಿತು. ಮೂರರಲ್ಲಿ ಎರಡು ಮನೆಯವರು ಊಟದ ಫೋಟೋಗೆ ಅವಳನ್ನೇ ಕರೆದರು. ಮೊದಲನೆಯದಕ್ಕೆ ಅವಳು ಹೋದಳು.